ಹಟ ಹಿಡಿದ ತಿರುಪು

ಕೃಷ್ಣರಾಜಪುರ, ಮಹದೇವಪುರಗಳ ಕಡೆ ಹೊಲಗಳು ಬಡಾವಣೆಗಳಾದ ಮೇಲೆ ಎಷ್ಟೋ ಟ್ರ್ಯಾಕ್ಟರುಗಳು ನೇಗಿಲನ್ನು ಬಿಟ್ಟು ನೀರಿನ ಟ್ಯಾಂಕರನ್ನು ಎಳೆಯತೊಡಗಿದವು. ಅವುಗಳ ಬೆಲೆ ಏನೆಂಬುದು 2024ರ ಬೇಸಗೆಯಲ್ಲಿ ಬೆಂಗಳೂರಿಗೆ ನೀರಿನ ಬರ ತಟ್ಟಿದಾಗ ಚೆನ್ನಾಗಿ ತಿಳಿಯಿತು. ಅಂತಹ ಹಳೆಯ ಯಂತ್ರವೊಂದರ ಎಣ್ಣೆಯನ್ನು ಬದಲಾಯಿಸಹೋದಾಗ, ಎಣ್ಣೆತೊಟ್ಟಿಯ ತಳದಲ್ಲಿರುವ ಡ್ರೈನ್ ಪ್ಲಗ್ಗು ಅಲುಗದೆ, ಅದರ ಆರು ಮೂಲೆಗಳೂ ಸವೆದು ಗುಂಡಗಾಗಿದ್ದರೆ ಮಾಡುವುದೇನು?

ಬಡಿದು ಕೀಳುವುದು ಅಪಾಯಕರ. ಅನೇಕ ಟ್ರ್ಯಾಕ್ಟರುಗಳಿಗೆ ಲಾರಿಗಿರುವಂತೆ ಬೇರೆ ಚೌಕಟ್ಟಿಲ್ಲ. 1917ರ ಫೋರ್ಡ್‌ಸನ್ ಟ್ರ್ಯಾಕ್ಟರಿನಲ್ಲಿದ್ದಂತೆ, ಎಂಜಿನ್ನು, ಗೇರುಪೆಟ್ಟಿಗೆ, ಹಿಂದಿನ ಅಚ್ಚು ಇವುಗಳ ಎರಕದ ಕವಚಗಳೇ ಒಂದಕ್ಕೊಂದು ಸೇರಿ ಬೆನ್ನೆಲುಬಾಗುತ್ತವೆ. ಹಲವು ಮಾದರಿಗಳಲ್ಲಿ ಎಣ್ಣೆತೊಟ್ಟಿಯೂ ಆ ಬೆನ್ನೆಲುಬಿನ ಭಾಗವೇ. ಎರಕದ ಕಬ್ಬಿಣ ಬಾಗುವುದಿಲ್ಲ, ಬಿರಿಯುತ್ತದೆ.

ತಿರುಪೆಂದರೆ ಕಂಬಕ್ಕೆ ಸುತ್ತಿದ ಇಳಿಜಾರು. 20 ಮಿಲಿಮೀಟರ್ ವ್ಯಾಸದ ಪ್ಲಗ್ಗು ಒಂದು ಸುತ್ತಿಗೆ ಒಂದೂವರೆ ಮಿಲಿಮೀಟರ್ ಏರುವುದಾದರೆ, ಆ ಇಳಿಜಾರಿನ ಕೋನ ಸುಮಾರು ಒಂದೂವರೆ ಡಿಗ್ರಿ ಮಾತ್ರ. ಉಕ್ಕಿನ ಮೇಲೆ ಉಕ್ಕು ತಾನಾಗಿ ಜಾರಬೇಕಾದರೆ ಎಂಟು ಡಿಗ್ರಿಯಷ್ಟಾದರೂ ಬೇಕು. ಬಿಗಿದ ಪ್ಲಗ್ಗು ಕಳಚಿ ಬೀಳದಿರುವುದು ಈ ಘರ್ಷಣೆಯಿಂದ. ಬಿಚ್ಚುವವನನ್ನು ಕಾಡುವುದೂ ಇದೇ.

ಮೂಲೆಗಳು ಸವೆಯುವುದೇಕೆ? ಒಂದಡಿ ಉದ್ದದ ಸ್ಪ್ಯಾನರಿನ ತುದಿಯನ್ನು 20 ಕಿಲೋಗ್ರಾಂ ತೂಕದಷ್ಟು ಒತ್ತಿದೆವೆನ್ನೋಣ. ನಡುವಿನಿಂದ ಅರ್ಧ ಅಂಗುಲ ದೂರದ ಮೂಲೆಗಳ ಮೇಲೆ ಸನ್ನೆಯ ನಿಯಮದಂತೆ ಒಟ್ಟು 480 ಕಿಲೋಗ್ರಾಂ ಬೀಳುತ್ತದೆ. ಬಾಯಿ ತೆರೆದ ಸ್ಪ್ಯಾನರು ಇದನ್ನು ಎರಡೇ ಮೂಲೆಗಳಿಗೆ ಹೊರಿಸುತ್ತದೆ: ತಲಾ 240. ಆರು ಮುಖದ ಸಾಕೆಟ್ಟು ಆರಕ್ಕೂ ಹಂಚುತ್ತದೆ: ತಲಾ 80. ಸ್ಪ್ಯಾನರಿಗೆ ಕೊಳವೆ ತೂರಿಸಿ ಉದ್ದಮಾಡುವ ರೂಢಿ ನಮಗೇನೂ ಮೆಚ್ಚಿಕೆಯಿಲ್ಲ. ಬಲ ಹೆಚ್ಚಿದಂತೆ ಮೂಲೆಯ ಸಂಕಟವೂ ಹೆಚ್ಚುತ್ತದೆ.

ಮೊದಲು ಸೀಮೆಎಣ್ಣೆ ಬೆರೆಸಿದ ತೆಳು ಎಣ್ಣೆಯನ್ನು ಪ್ಲಗ್ಗಿನ ಸುತ್ತ ಹಚ್ಚಿ ಒಂದು ರಾತ್ರಿ ಬಿಡಬೇಕು. ತಳದಿಂದ ಹಚ್ಚಿದ ಎಣ್ಣೆ ಮೇಲಕ್ಕೆ ಹೇಗೆ ಹೋದೀತು? ದೀಪದ ಬತ್ತಿಯಲ್ಲಿ ಏರುವಂತೆಯೇ, ಕೇಶಾಕರ್ಷಣೆಯಿಂದ. ಬಳಿಕ ತಲೆಯ ಮೇಲೆ ಸುತ್ತಿಗೆಯ ಸಣ್ಣ ಏಟುಗಳು ತುಕ್ಕಿನ ಹಿಡಿತವನ್ನು ಸಡಿಲಿಸುತ್ತವೆ.

ಆಗಲೂ ಬಾರದಿದ್ದರೆ ಉಷ್ಣವೇ ಗತಿ. ಲೋಹವನ್ನು ಕಾಯಿಸಿದರೆ ಅದರಲ್ಲಿನ ರಂಧ್ರ ಕಿರಿದಾಗುವುದೆಂದು ವಿದ್ಯಾರ್ಥಿಗಳು ಹೇಳುವುದುಂಟು. ಎತ್ತಿನ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸುವುದನ್ನು ಕಂಡವರಿಗೆ ಈ ಸಂದೇಹವಿರದು, ರಂಧ್ರವೂ ಹಿಗ್ಗುತ್ತದೆ. ತೊಟ್ಟಿ ಅಲ್ಯೂಮಿನಿಯಮಿನದಾದರೆ ಇನ್ನೂ ಅನುಕೂಲ. 100 ಡಿಗ್ರಿ ಸೆಲ್ಸಿಯಸ್ ಕಾವೇರಿದಾಗ 20 ಮಿಲಿಮೀಟರಿನ ರಂಧ್ರ 0.046 ಮಿಲಿಮೀಟರಿನಷ್ಟು ಹಿಗ್ಗಿದರೆ, ಉಕ್ಕಿನ ಪ್ಲಗ್ಗು 0.024ರಷ್ಟು ಮಾತ್ರ. ಎರಕದ ಕಬ್ಬಿಣಕ್ಕೂ ಉಕ್ಕಿಗೂ ಇಂತಹ ಅಂತರವಿಲ್ಲ. ಪ್ಲಗ್ಗಿಗೆ ಕಾವು ತಗಲುವ ಮೊದಲೇ ಸುತ್ತಲಿನ ಲೋಹ ಕಾಯಬೇಕು. ಆದರೆ ಒಳಗಿನ ಎಣ್ಣೆಯನ್ನು ಅಳತೆಕಡ್ಡಿಯ ರಂಧ್ರದಿಂದ ಕೈಪಂಪಿನಲ್ಲಿ ಹೀರಿ ತೆಗೆದು, ಹೊರಗಿನ ಸೀಮೆಎಣ್ಣೆಯನ್ನು ಒರೆಸದೆ ಬೆಂಕಿಯನ್ನು ಹತ್ತಿರ ತರಕೂಡದು.

ಕೊನೆಯ ಉಪಾಯವೇ ಎಲ್ಲಕ್ಕಿಂತ ಸೊಗಸು: ಸವೆದ ತಲೆಗೆ ಹೊಸ ನಟ್ಟೊಂದನ್ನು ಅನುಭವಿಯಿಂದ ಬೆಸುಗೆ ಹಾಕಿಸುವುದು. ಇಲ್ಲಿ ಕಾಯುವುದು ಪ್ಲಗ್ಗು. ಹಿಗ್ಗಲು ತಣ್ಣನೆಯ ತೊಟ್ಟಿ ಎಡೆಗೊಡದ್ದರಿಂದ ಮೆದುವಾದ ಉಕ್ಕು ತನ್ನಲ್ಲೇ ಅದುಮಿಕೊಳ್ಳುತ್ತದೆ. ಆರಿದಾಗ ಮೊದಲಿಗಿಂತ ತುಸು ಸಣ್ಣದಾಗಿ, ತುಕ್ಕಿನ ಬಂಧ ಒಡೆಯುತ್ತದೆ. ತಿರುಗಿಸಲು ಹೊಸ ತಲೆಯೂ ಸಿದ್ಧ.

ಬದಲಿ ಪ್ಲಗ್ಗನ್ನು ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಹುಡುಕುವವರು ಅಳತೆಯನ್ನು ನೋಡಿ ಕೊಳ್ಳಬೇಕು. 22 ಮಿಲಿಮೀಟರಿನ ಪ್ಲಗ್ಗೂ 7/8 ಅಂಗುಲದ್ದೂ ಕಣ್ಣಿಗೆ ಒಂದೇ, ಸುತ್ತುಗಳ ಅಂತರ ಬೇರೆ. ಹಳೆಯ ತಾಮ್ರದ ವಾಷರು ಗಟ್ಟಿಯಾಗಿದ್ದರೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರಾಯಿತು: ಗಡುಸು ಉಕ್ಕನ್ನು ಇನ್ನಷ್ಟು ಗಡುಸಾಗಿಸುವ ಈ ಕ್ರಮದಿಂದ ತಾಮ್ರ ಮೆದುವಾಗುತ್ತದೆ.