ಕೂಡುವ ಮಗ್ಗಿ: ಬಳ್ಳಾರಿಯ ಮರಳಿನಿಂದ ವಡಾಲದ ತರಗತಿಗೆ

ಎಂಟಕ್ಕೆ ಐದು ಕೂಡಿದರೆ ಎಷ್ಟು? ಒಂದನೇ ತರಗತಿಯ ಮಗು ಎಂಟು ಹುಣಸೆ ಬೀಜ ಎಣಿಸುತ್ತದೆ, ಪಕ್ಕದಲ್ಲಿ ಐದು ಎಣಿಸಿಡುತ್ತದೆ, ಆಮೇಲೆ ಎರಡನ್ನೂ ಸೇರಿಸಿ ಮತ್ತೆ ಒಂದರಿಂದ ಎಣಿಸುತ್ತದೆ. ಕೆಲವು ತಿಂಗಳಿಗೆ ಅದೇ ಮಗು ಎಂಟನ್ನು ಮನಸ್ಸಿನಲ್ಲಿಟ್ಟುಕೊಂಡು ಬೆರಳಿನ ಗೆರೆಗಳ ಮೇಲೆ ‘ಒಂಬತ್ತು, ಹತ್ತು, ಹನ್ನೊಂದು’ ಎಂದು ಮುಂದಕ್ಕೆ ಹೋಗುತ್ತದೆ. ಇನ್ನಷ್ಟು ದಿನ ಕಳೆದರೆ ಐದರಿಂದ ಎರಡು ತೆಗೆದು ಎಂಟಕ್ಕೆ ಕೊಟ್ಟು ಹತ್ತು ಮಾಡಿ, ಉಳಿದ ಮೂರನ್ನು ಸೇರಿಸುತ್ತದೆ. ಕೊನೆಗೊಂದು ದಿನ ಪ್ರಶ್ನೆ ಮುಗಿಯುವ ಮೊದಲೇ ‘ಹದಿಮೂರು’ ಎನ್ನುತ್ತದೆ.

ಇವು ನಾಲ್ಕು ಮೆಟ್ಟಿಲು. ಬೆರಳೆಣಿಕೆಯ ಎರಡನೇ ಮೆಟ್ಟಿಲಲ್ಲೇ ನಿಂತು ಐದನೇ ತರಗತಿ ತಲುಪುವ ಮಕ್ಕಳೂ ಇದ್ದಾರೆ. ಭಾಗಾಕಾರ ಮಾಡುವಾಗ ಅವರ ಗಮನವೆಲ್ಲ ಒಳಗಿನ ಸಣ್ಣ ಕಳೆಯುವ ಲೆಕ್ಕದಲ್ಲೇ ಖರ್ಚಾಗಿ, ಲೆಕ್ಕದ ಹಾದಿಯೇ ಮರೆತುಹೋಗುತ್ತದೆ. ‘ಈ ಮಗುವಿಗೆ ಗಣಿತ ಹತ್ತೋದಿಲ್ಲ’ ಎಂಬ ಮಾತು ಹುಟ್ಟುವುದು ಅಲ್ಲಿಂದಲೇ.

ಮುಂಬಯಿಯ ವಡಾಲ ಮಗು ಎಂಟಕ್ಕೆ ಐದನ್ನು ಹೇಗೆ ಕೂಡುತ್ತದೆ ಎಂಬ ಪ್ರಶ್ನೆ ಕೇಳಲು ತಕ್ಕ ಜಾಗ. ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆ ಇರುವುದು ಇಲ್ಲೇ. ಇಲ್ಲಿನ ಮಗುವಿಗೆ ಮನೆಯಲ್ಲಿ ತುಳು, ಕೊಂಕಣಿ ಅಥವಾ ಕನ್ನಡ, ಅಂಗಡಿಯಲ್ಲಿ ಮರಾಠಿ, ಆಟದಲ್ಲಿ ಹಿಂದಿ. ಬಹಳಷ್ಟು ಮಕ್ಕಳಿಗೆ ತರಗತಿಯಲ್ಲಿ ಇಂಗ್ಲಿಷ್. ಲೆಕ್ಕ ಒಂದೇ, ಅದು ಕಿವಿಗೆ ಬೀಳುವುದು ಮಾತ್ರ ನಾಲ್ಕು ಭಾಷೆಗಳಲ್ಲಿ.

ಮಹಾವೀರಾಚಾರ್ಯ ಹೇಳದೆ ಬಿಟ್ಟದ್ದು

ಈ ಸಣ್ಣ ಲೆಕ್ಕವನ್ನು ಹಿಂದೆ ಕಲಿಸುತ್ತಿದ್ದದ್ದು ಹೇಗೆ? ಕ್ರಿ.ಶ. 850ರ ಸುಮಾರಿಗೆ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಅದರ ಎಂಟು ಪರಿಕರ್ಮಗಳು, ಅಂದರೆ ಮೂಲ ಲೆಕ್ಕಕ್ರಿಯೆಗಳು, ಶುರುವಾಗುವುದೇ ಗುಣಾಕಾರದಿಂದ. ಸಂಕಲಿತ (ಕೂಡುವುದು), ವ್ಯುತ್ಕಲಿತ (ಕಳೆಯುವುದು) ಕೊನೆಯಲ್ಲಿ ಬರುತ್ತವೆ. ಆದರೆ ಅವು ಶ್ರೇಢಿಗಳ ಮೊತ್ತಕ್ಕೆ ಸಂಬಂಧಿಸಿದವು. ಎಂಟಕ್ಕೆ ಐದು ಕೂಡುವ ಪಾಠ ಆ ಗ್ರಂಥದಲ್ಲಿಲ್ಲ. ಓದುಗ ಅಷ್ಟನ್ನು ಕಲಿತೇ ಬಂದಿರುತ್ತಾನೆ ಎಂಬ ಭರವಸೆಯ ಮೇಲೆ ಗ್ರಂಥ ನಿಂತಿದೆ.

ಹಾಗಾದರೆ ಅಷ್ಟನ್ನು ಕಲಿಸುತ್ತಿದ್ದವರು ಯಾರು? ಇದಕ್ಕೆ ವಿವರವಾದ ಉತ್ತರ ಸಿಗುವುದು ಸುಮಾರು ಸಾವಿರ ವರ್ಷಗಳ ನಂತರ, ಬಳ್ಳಾರಿಯಲ್ಲಿ. ಮದ್ರಾಸ್ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಊರ ಶಾಲೆಗಳ ವರದಿ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರ ಆಗಸ್ಟ್‌ನಲ್ಲಿ ಉತ್ತರ ಬರೆದ. ಜಿಲ್ಲೆಯಲ್ಲಿ 533 ಶಾಲೆಗಳು. ಅವುಗಳಲ್ಲಿ 235 ಕನ್ನಡದವು. ಮಕ್ಕಳು ಬೆಳಗ್ಗೆ ಆರಕ್ಕೆ ಸೇರುತ್ತಿದ್ದರು, ಮರಳಿನ ಮೇಲೆ ಬೆರಳಿನಿಂದ ಅಕ್ಷರ ತೀಡುತ್ತಿದ್ದರು. ಅಕ್ಷರ, ಹೆಸರುಗಳು, ಅಂಕಿಗಳು ಆದ ಮೇಲೆ ಕೂಡುವ ಮಗ್ಗಿಯನ್ನು ಬಾಯಿಪಾಠ ಮಾಡಿ, ನೂರರವರೆಗೆ ಎಣಿಸಿ, ಹಣದ ಸಣ್ಣ ಕೂಡುವ ಕಳೆಯುವ ಲೆಕ್ಕಗಳಿಗೆ ಇಳಿಯುತ್ತಿದ್ದರು. ದಿನಕ್ಕೆ ಎರಡು ಸಲ ಸಾಲಾಗಿ ನಿಂತು, ಮುಂದಾಳು ಹುಡುಗ ಹೇಳಿಕೊಟ್ಟಂತೆ, ಕಾಲು ಅರೆ ಮುಕ್ಕಾಲುಗಳ ಜೊತೆ ಆ ಮಗ್ಗಿಗಳನ್ನೆಲ್ಲ ಒಪ್ಪಿಸುತ್ತಿದ್ದರು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಮಗ್ಗಿ ಎಂದರೆ ಈಗ ನಮಗೆ ಗುಣಾಕಾರ ಮಾತ್ರ. ಆ ಕಾಲದ ಊರ ಐಗಳಿಗೆ ಕೂಡುವುದಕ್ಕೂ ಮಗ್ಗಿ ಇತ್ತು, ಅದಕ್ಕೆಂದೇ ದಿನದಲ್ಲಿ ಹೊತ್ತೂ ಇತ್ತು. ‘ಅಷ್ಟು ಸಣ್ಣ ಲೆಕ್ಕ ತಾನಾಗಿ ಬರುತ್ತದೆ’ ಎಂದು ಅವರು ಕೈಬಿಟ್ಟಿರಲಿಲ್ಲ.

ಬಾಯಿಪಾಠಕ್ಕೆ ಬಿದ್ದ ಪೆಟ್ಟು

ಆದರೆ ಬರಿಯ ಬಾಯಿಪಾಠದ ಮಿತಿಯೂ ಬಯಲಾಯಿತು. ಅಮೆರಿಕದ ಶಿಕ್ಷಣ ಸಂಶೋಧಕ ವಿಲಿಯಂ ಬ್ರೌನೆಲ್ ಸಹೋದ್ಯೋಗಿಯೊಬ್ಬರ ಜೊತೆ ಮೂರನೇ ತರಗತಿಯ ಮಕ್ಕಳನ್ನು ಪರೀಕ್ಷಿಸಿ 1935ರಲ್ಲಿ ಪ್ರಕಟಿಸಿದರು. ಉರು ಹೊಡೆಸಿದರೂ ಬಹುಪಾಲು ಮಕ್ಕಳು ಹಳೆಯ ಎಣಿಕೆಯ ಉಪಾಯವನ್ನೇ ಇನ್ನಷ್ಟು ಚುರುಕಾಗಿ ಮಾಡುತ್ತಿದ್ದರು, ಅಷ್ಟೇ. ಅರ್ಥವಾಗುವ ಮೊದಲೇ ಉರು ಹೊಡೆಸಿದರೆ ಮಗು ಮೆಟ್ಟಿಲು ಹತ್ತುವುದಿಲ್ಲ. 1972ರಲ್ಲಿ ಸಂಶೋಧಕರಾದ ಗ್ರೋಯೆನ್ ಮತ್ತು ಪಾರ್ಕ್‌ಮನ್ ಮಕ್ಕಳು ಉತ್ತರಕ್ಕೆ ತೆಗೆದುಕೊಳ್ಳುವ ಸಮಯವನ್ನು ಅಳೆದರು. ದೊಡ್ಡ ಸಂಖ್ಯೆಯಿಂದ ಹೊರಟು ಚಿಕ್ಕದನ್ನು ಎಣಿಸಿ ಸೇರಿಸುವುದು ಮಕ್ಕಳ ಮುಖ್ಯ ದಾರಿ ಎಂದು ಅದರಿಂದ ತಿಳಿಯಿತು.

ಕರ್ನಾಟಕದಲ್ಲಿ ಈ ಅರಿವು ತರಗತಿಗೆ ಇಳಿದದ್ದು ನಲಿ-ಕಲಿಯ ರೂಪದಲ್ಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಆ ಪದ್ಧತಿಯಲ್ಲಿ ಮಗು ತನ್ನ ವೇಗಕ್ಕೆ ತಕ್ಕಂತೆ ಕಾರ್ಡಿನಿಂದ ಕಾರ್ಡಿಗೆ ಸಾಗಿತು. ಆಮೇಲೆ ಅಕ್ಷರ ಫೌಂಡೇಶನ್‌ನ ಗಣಿತ ಕಲಿಕಾ ಆಂದೋಲನ ಸರ್ಕಾರಿ ಶಾಲೆಗಳಿಗೆ ಮಣಿಕಟ್ಟು (ಅಬಾಕಸ್), ಬಿಲ್ಲೆ, ಸ್ಥಾನಬೆಲೆಯ ಪಟ್ಟಿಗಳಿರುವ ಗಣಿತ ಕಿಟ್ ಒಯ್ದಿತು.

ಮುಂಬಯಿ ಕಲಿಸಿದ ಪಾಠ

ಊರ ಐಗಳ ಮಗ್ಗಿ, ನಲಿ-ಕಲಿಗಳ ಬಳಿಕ ಮೂರನೆಯ ತಿರುವು ಮುಂಬಯಿಯದೇ. 1990ರ ದಶಕದ ನಡುವೆ ಇಲ್ಲಿನ ಕೊಳೆಗೇರಿಗಳಲ್ಲಿ ಕೆಲಸ ಶುರುಮಾಡಿದ ‘ಪ್ರಥಮ್’ ಸಂಸ್ಥೆ ‘ಬಾಲಸಖಿ’ ಎಂಬ ಸರಳ ಉಪಾಯ ಹೂಡಿತು. ಹೈಸ್ಕೂಲು ಮುಗಿಸಿದ ಅದೇ ಬಸ್ತಿಯ ಯುವತಿ, ಮೂರು-ನಾಲ್ಕನೇ ತರಗತಿಯಲ್ಲಿ ಹಿಂದುಳಿದ ಹದಿನೈದಿಪ್ಪತ್ತು ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ, ಅವರು ನಿಂತಲ್ಲಿಂದಲೇ ಓದು ಮತ್ತು ಲೆಕ್ಕ ಹೇಳಿಕೊಡುತ್ತಿದ್ದಳು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 2001ರಿಂದ 2003ರವರೆಗೆ ಮುಂಬಯಿ, ವಡೋದರಾ ಶಾಲೆಗಳಲ್ಲಿ ಇದನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು. ಅಂಕಗಳು ಏರಿದ್ದವು, ಹೆಚ್ಚು ಲಾಭವಾದದ್ದು ತೀರ ಹಿಂದಿದ್ದ ಮಕ್ಕಳಿಗೆ. 2019ರಲ್ಲಿ ಬ್ಯಾನರ್ಜಿ, ಡುಫ್ಲೊ ಇಬ್ಬರಿಗೂ ಮೈಕೆಲ್ ಕ್ರೆಮರ್ ಜೊತೆ ಅರ್ಥಶಾಸ್ತ್ರದ ನೊಬೆಲ್ ಸಂದಿತು.

ಅದೇ ವಿದ್ವಾಂಸರ ಬಳಗ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇನ್ನೊಂದು ಸಂಗತಿ ತೋರಿಸಿತು. ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳು ಗಿರಾಕಿಯ ಲೆಕ್ಕವನ್ನು ಬಾಯಲ್ಲೇ ಸರಿಯಾಗಿ ಮಾಡುತ್ತಾರೆ; ಕಾಗದದ ಮೇಲೆ ಬರೆದ ಲೆಕ್ಕ ಕೊಟ್ಟರೆ ತಡವರಿಸುತ್ತಾರೆ. ಶಾಲೆಯ ಮಕ್ಕಳ ಪಾಡು ಇದಕ್ಕೆ ತಿರುಗುಮುರುಗು. ಮುಂಬಯಿ ಕನ್ನಡಿಗರಿಗೆ ಇದು ಅಪರಿಚಿತವಲ್ಲ. ಹಗಲು ಹೋಟೆಲಿನಲ್ಲಿ ಮಾಣಿಯಾಗಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಕರಾವಳಿಯ ಹುಡುಗರು ಎರಡೂ ಲೆಕ್ಕಗಳನ್ನು ಬೇರೆ ಬೇರೆಯಾಗಿಯೇ ಕಲಿಯಬೇಕಾಗಿತ್ತು. ಗಲ್ಲಾದ ಲೆಕ್ಕವನ್ನೂ ಸ್ಲೇಟಿನ ಲೆಕ್ಕವನ್ನೂ ಬೆಸೆಯುವ ಕೆಲಸ ಈಗಲೂ ಶಾಲೆಯ ಮೇಲಿದೆ.

ಸಂಖ್ಯೆಗಳ ಹೆಸರಿನ ತೊಡಕೂ ಇದೆ. 2019ರಲ್ಲಿ ರಾಜ್ಯದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಎರಡನೇ ತರಗತಿಯ ಗಣಿತ ಪುಸ್ತಕದಲ್ಲಿ ಇಪ್ಪತ್ತೊಂದಕ್ಕೆ ಮರಾಠಿಯ ‘ಎಕ್ವೀಸ್’ ಜೊತೆಗೆ ‘ವೀಸ್ ಏಕ್’ ಎಂದೂ ಹೇಳಿಕೊಡಲು ಹೊರಟಾಗ ಮಹಾರಾಷ್ಟ್ರದಲ್ಲಿ ದೊಡ್ಡ ಗದ್ದಲವಾಯಿತು. ಗಣಿತ ಸಮಿತಿಯ ಮುಂದಾಳು ಮಂಗಲಾ ನಾರಳೀಕರ್ ಮಗುವಿನ ಅನುಕೂಲದ ಪರವಾಗಿ ಗಟ್ಟಿಯಾಗಿ ನಿಂತರು. ಇಪ್ಪತ್ತೊಂದು, ಇಪ್ಪತ್ತೆರಡು ಎಂದು ಹತ್ತೂ ಬಿಡಿಯೂ ಬಿಡಿಸಿ ಕೇಳಿಸುವ ಕನ್ನಡದ ಎಣಿಕೆ ನಮ್ಮ ಮಕ್ಕಳಿಗೆ ಮನೆಯಲ್ಲೇ ಸಿಗುವ ನೆರವು. ಇಂಗ್ಲಿಷ್ ಶಾಲೆಗೆ ಹೋಗುವ ಮಗುವಿನ ಜೊತೆಗೂ ಮನೆಯಲ್ಲಿ ಕನ್ನಡದಲ್ಲೇ ಎಣಿಸಿ.

ಉಳಿಯುವುದು ಎಂಟೇ ಜೋಡಿ

ಕಲಿಯಬೇಕಾದದ್ದು ಎಷ್ಟು? 1ರಿಂದ 9ರವರೆಗಿನ ಅಂಕಿಗಳನ್ನು ಕೂಡುವ ಲೆಕ್ಕಗಳು 81. ಮೂರಕ್ಕೆ ಐದು, ಐದಕ್ಕೆ ಮೂರು ಎರಡೂ ಒಂದೇ ಎಂದು ಬೀಜ ತಿರುಗಿಸಿಟ್ಟು ಮಗು ಕಂಡುಕೊಂಡರೆ ಉಳಿಯುವುದು 45. ಒಂದನ್ನೋ ಎರಡನ್ನೋ ಸೇರಿಸುವುದು ಎಣಿಕೆಯಲ್ಲೇ ಬರುತ್ತದೆ, ಉಳಿದದ್ದು 28. ನಾಲ್ಕು ನಾಲ್ಕು, ಆರು ಆರರಂಥ ಜೋಡಿಗಳನ್ನು ಮಕ್ಕಳು ಬೇಗ ಹಿಡಿಯುತ್ತಾರೆ, 21. ಹತ್ತು ಮಾಡುವ 3+7, 4+6 ತೆಗೆದರೆ 19. ಆರು ಆರು ಹನ್ನೆರಡು ಗೊತ್ತಿದ್ದವರಿಗೆ ಆರು ಏಳು ಹದಿಮೂರು ಗೊತ್ತೇ, 13. ಒಂಬತ್ತಕ್ಕೆ ಕೂಡುವಾಗ ಹತ್ತು ಕೂಡಿ ಒಂದು ಕಳೆಯುವುದು ತಿಳಿದರೆ ಕೊನೆಗೆ ಎಂಟೇ ಜೋಡಿ: 3+5, 3+6, 3+8, 4+7, 4+8, 5+7, 5+8, 6+8. ಬಾಯಿಪಾಠದ ಶ್ರಮ ಬೇಕಾದದ್ದು ಈ ಎಂಟಕ್ಕೆ.

ಕಳೆಯುವುದಕ್ಕೆ ಬೇರೆ ಮಗ್ಗಿ ಬೇಡ. ಹದಿಮೂರರಲ್ಲಿ ಎಂಟು ಹೋದರೆ ಎಷ್ಟು ಎಂಬುದನ್ನು ‘ಎಂಟಕ್ಕೆ ಎಷ್ಟು ಹಾಕಿದರೆ ಹದಿಮೂರು’ ಎಂದು ಕೇಳಿ. ಕಿರಾಣಿ ಅಂಗಡಿಯವರು ಚಿಲ್ಲರೆ ಕೊಡುವುದೂ ಹೀಗೆಯೇ. ನಾಲ್ಕು ಕವಡೆ ಹಾಕಿ ಆಡುವ ಚೌಕಾಬಾರ, ಒಂದೊಂದು ಗುಳಿಗೆ ನಾಲ್ಕು ಕಾಯಿ ತುಂಬಿ ಆಡುವ ಚೆನ್ನೆಮಣೆ ಈ ಅಭ್ಯಾಸವನ್ನು ಆಟದಲ್ಲೇ ಮಾಡಿಸುತ್ತವೆ. ದಿನಕ್ಕೆ ಐದು ನಿಮಿಷ, ತಪ್ಪದೆ, ಗದರದೆ ಕೇಳಿದರೆ ಸಾಕು. ಬೆರಳು ಮಡಚಿದ ಮಗುವನ್ನು ಹಂಗಿಸಬಾರದು. ಅದು ಯಾವ ಮೆಟ್ಟಿಲಲ್ಲಿದೆ ಎಂದು ತೋರಿಸುತ್ತಿರುವುದೇ ಆ ಬೆರಳು.

ಗ್ರಾಮೀಣ ಭಾರತದ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ 2024 ಸಮೀಕ್ಷೆಯಲ್ಲಿ ದಶಕ ತಂದು ಕಳೆಯುವ ಎರಡಂಕಿಯ ಲೆಕ್ಕ ಮಾಡಬಲ್ಲ ಮೂರನೇ ತರಗತಿಯ ಮಕ್ಕಳು ಶೇ. 33.7. ಮೂರನೇ ತರಗತಿ ಮುಗಿಯುವಷ್ಟರಲ್ಲಿ ಪ್ರತಿ ಮಗುವಿಗೂ ಓದು, ಲೆಕ್ಕದ ಬುನಾದಿ ದಕ್ಕಬೇಕೆಂದು 2021ರ ಜುಲೈನಲ್ಲಿ ಶುರುವಾದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ ಇಟ್ಟುಕೊಂಡ ಗಡುವು 2026-27. ಊರ ಐಗಳು ಲೆಕ್ಕಕ್ಕೆ ಹೊತ್ತು ಕೊಟ್ಟರು, ನಲಿ-ಕಲಿ ಅರ್ಥ ಕೊಟ್ಟಿತು, ಬಾಲಸಖಿ ಮಗು ನಿಂತಲ್ಲಿಗೇ ಹೋಯಿತು. ಮೂರರಲ್ಲಿ ಯಾವುದು ತಪ್ಪಿದರೂ ಮಗು ಹಿಂದೆ ಉಳಿಯುತ್ತದೆ. ವಡಾಲದ ತಾಯ್ತಂದೆಯರು ಮುಂದಿನ ಪಾಲಕರ ಸಭೆಯಲ್ಲಿ ‘ಎಷ್ಟು ಅಂಕ ಬಂತು’ ಎಂದು ಕೇಳುವ ಮೊದಲು ‘ನಮ್ಮ ಮಗು ಎಂಟಕ್ಕೆ ಐದನ್ನು ಹೇಗೆ ಕೂಡುತ್ತದೆ’ ಎಂದು ಕೇಳಲಿ. ಆ ಪ್ರಶ್ನೆಗೆ ಉತ್ತರ ಕೊಡಬಲ್ಲ ಶಿಕ್ಷಕರ ಕೈಯಲ್ಲಿ ಗಣಿತ ಹತ್ತದ ಮಕ್ಕಳ ಸಂಖ್ಯೆ ಖಂಡಿತ ಇಳಿಯುತ್ತದೆ.