ಉಸಿರು ಕಾಯುವ ಯಂತ್ರವನ್ನು ಕಾಯುವವರಾರು?

ಔಷಧದಲ್ಲಿ ಕಲಬೆರಕೆಯಾದರೆ ಅದು ಸುದ್ದಿಯಾಗುತ್ತದೆ. ರೋಗಿಯ ಮೂಗಿಗೆ ರಾತ್ರಿಯಿಡೀ ಗಾಳಿ ಒದಗಿಸುವ ಯಂತ್ರ ಒಳಗೊಳಗೇ ಶಿಥಿಲವಾದರೆ, ಆ ಸಂಗತಿ ಬಹಳಷ್ಟು ಸಲ ರೋಗಿಗೂ ತಿಳಿಯುವುದಿಲ್ಲ.

ಸ್ಲೀಪ್ ಆಪ್ನಿಯಾ ಎಂದು ವೈದ್ಯರು ಕರೆಯುವ ಕಾಯಿಲೆಯಲ್ಲಿ, ನಿದ್ದೆ ಹತ್ತುತ್ತಲೇ ಗಂಟಲ ದಾರಿ ಮುಚ್ಚಿಕೊಂಡು ಉಸಿರು ಮತ್ತೆ ಮತ್ತೆ ನಿಲ್ಲುತ್ತದೆ. ನಿರಂತರ ಒತ್ತಡದ ಗಾಳಿಯಿಂದ ಆ ದಾರಿಯನ್ನು ತೆರೆದಿಡಬಹುದೆಂದು ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ 1981ರಲ್ಲಿ ತೋರಿಸಿಕೊಟ್ಟರು. ಸಿಪ್ಯಾಪ್ ಎಂಬ ಈ ಉಪಕರಣ ಅಂದಿನಿಂದ ಅಸಂಖ್ಯ ಜನರಿಗೆ ನೆಮ್ಮದಿಯ ನಿದ್ದೆ ನೀಡಿದೆ. ಅದರ ಉಪಕಾರದ ಬಗ್ಗೆ ತಕರಾರಿಲ್ಲ.

ಆದರೆ 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿಯು ತನ್ನ ಸಿಪ್ಯಾಪ್, ಬೈಪ್ಯಾಪ್ ಹಾಗೂ ಕೆಲವು ವೆಂಟಿಲೇಟರ್‌ಗಳನ್ನು ಜಗತ್ತಿನಾದ್ಯಂತ ಹಿಂಪಡೆಯುವುದಾಗಿ ಪ್ರಕಟಿಸಿತು. ಸದ್ದು ಅಡಗಿಸಲು ಯಂತ್ರದೊಳಗೆ ಇಟ್ಟಿದ್ದ ಪಾಲಿಯುರೆಥೇನ್ ಫೋಮ್ ಪುಡಿಯಾಗಿ ಗಾಳಿಯೊಂದಿಗೆ ಶ್ವಾಸಕೋಶ ಸೇರಬಹುದು, ಅದರಿಂದ ಹಾನಿಕರ ಅನಿಲವೂ ಹೊಮ್ಮಬಹುದು ಎಂಬುದು ಕಾರಣ. ಹಿಂಪಡೆಯಬೇಕಾದ ಯಂತ್ರಗಳ ಸಂಖ್ಯೆ ಐವತ್ತು ಲಕ್ಷ ದಾಟಿತು. ಫೋಮ್ ಕುರಿತ ದೂರುಗಳು 2015ರಲ್ಲೇ ಕಂಪನಿಯ ಗಮನಕ್ಕೆ ಬಂದಿದ್ದವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ತಪಾಸಣೆ ಹೇಳಿತು. ನಂತರದ ಪರೀಕ್ಷೆಗಳಲ್ಲಿ ಗಂಭೀರ ಅಪಾಯ ಕಾಣಲಿಲ್ಲವೆಂದು ಕಂಪನಿ ವಾದಿಸಿತು. ಆ ಪರೀಕ್ಷೆಗಳು ಸಾಲವೆಂದು ಆಡಳಿತ ಉತ್ತರಿಸಿತು. ಸಾವಿನ ದೂರುಗಳು 500 ದಾಟಿದವು. ದೂರೇ ಪುರಾವೆಯಲ್ಲ ಎಂಬುದನ್ನೂ ನೆನಪಿಡಬೇಕು. 2024ರಲ್ಲಿ ಕಂಪನಿ ಅಲ್ಲಿನ ಮೊಕದ್ದಮೆಗಳನ್ನು ಇತ್ಯರ್ಥಪಡಿಸಲು 110 ಕೋಟಿ ಡಾಲರ್ ನೀಡಲು ಒಪ್ಪಿತು.

ಇದೆಲ್ಲ ಅಮೆರಿಕದ ಮಾತು, ನಮಗೇನು ಎನ್ನುವಂತಿಲ್ಲ. ಫೋಮ್ ಬೇಗ ಹಾಳಾಗಲು ಕಾರಣವೆಂದು ಹೇಳಲಾದದ್ದು ಹೆಚ್ಚಿನ ಉಷ್ಣ ಮತ್ತು ತೇವಾಂಶ; ಜೊತೆಗೆ ಓಝೋನ್ ಬಳಸಿ ಶುಚಿಗೊಳಿಸುವ ಪದ್ಧತಿ. ನನ್ನೂರು ಶಹಾಪುರ ತಾಲ್ಲೂಕಿನ ಗೋಗಿ. ಬೇಸಿಗೆಯಲ್ಲಿ ನಮ್ಮ ಸೀಮೆಯ ಉಷ್ಣಾಂಶ 40 ಡಿಗ್ರಿ ದಾಟುವುದು ವಿಶೇಷವೇನಲ್ಲ. ಸಾಮಾನ್ಯ ಸಿಪ್ಯಾಪ್ ಮಾದರಿಗಳ ಕೈಪಿಡಿಯಲ್ಲಿ ಬಳಕೆಯ ಮಿತಿ 5ರಿಂದ 35 ಡಿಗ್ರಿ ಎಂದಿರುತ್ತದೆ. ಹಗಲೆಲ್ಲ ಕಾದ ಮಾಳಿಗೆಯ ಕೆಳಗೆ, ವಿದ್ಯುತ್ ಹೋಗಿ ಬರುವ ರಾತ್ರಿಯಲ್ಲಿ, ಆ ಮಿತಿ ಕಾಗದದ ಮೇಲಷ್ಟೇ ಉಳಿಯುತ್ತದೆ.

ಹೊರಗಿನವರಿಗೆ ಗೋಗಿ ಪರಿಚಿತವಾಗಿರುವುದು ಆದಿಲ್‌ಶಾಹಿ ಗೋರಿಗಳಿಂದ ಅಥವಾ ಯುರೇನಿಯಂ ನಿಕ್ಷೇಪದಿಂದ. ಗಣಿ ಬಂದರೆ ಜನರ ಆರೋಗ್ಯಕ್ಕೆ ಏನಾದೀತು ಎಂಬ ಚರ್ಚೆ ನಡೆದಿದೆ, ನಡೆಯಲೇಬೇಕು. ಆದರೆ ತಲೆದಿಂಬಿನ ಪಕ್ಕದಲ್ಲೇ ಇರುವ ಯಂತ್ರದ ಬಗ್ಗೆ ಯಾರೂ ಚರ್ಚಿಸುವುದಿಲ್ಲ. ನನ್ನ ಬಂಧುವೊಬ್ಬರು ದೂರದ ನಗರದಿಂದ ಇಂಥ ಯಂತ್ರ ಕೊಂಡು ತಂದಿದ್ದಾರೆ. ರಸೀದಿಯಲ್ಲಿ ಹಣದ ಮೊತ್ತವಿದೆ, ಯಂತ್ರದ ಕ್ರಮಸಂಖ್ಯೆ ಇಲ್ಲ. ಅಂಗಡಿಯವರು ಅವರ ವಿಳಾಸವನ್ನೂ ಬರೆದುಕೊಳ್ಳಲಿಲ್ಲ. ನಾಳೆ ಆ ಮಾದರಿಯಲ್ಲಿ ದೋಷ ಕಂಡುಬಂದರೆ ಎಚ್ಚರಿಕೆಯ ಪತ್ರ ಯಾರ ಮನೆ ಬಾಗಿಲಿಗೆ ಬರಬೇಕು?

ನಮ್ಮಲ್ಲಿ ಕಾನೂನಿಲ್ಲ ಎಂದಲ್ಲ. ವೈದ್ಯಕೀಯ ಉಪಕರಣಗಳ ನಿಯಮಾವಳಿ 2017ರಲ್ಲಿ ಬಂತು. 2020ರ ಏಪ್ರಿಲ್‌ನಿಂದ ಎಲ್ಲ ವೈದ್ಯಕೀಯ ಉಪಕರಣಗಳೂ ಔಷಧ ಕಾಯ್ದೆಯ ವ್ಯಾಪ್ತಿಗೆ ಬಂದವು. ಮಾರಾಟಗಾರರು ನೋಂದಣಿ ಪಡೆಯಬೇಕೆಂಬ ನಿಯಮ 2022ರಲ್ಲಿ ಸೇರಿತು. ಉಪಕರಣಗಳಿಂದಾದ ತೊಂದರೆಗಳನ್ನು ದಾಖಲಿಸಲು ಮೆಟೀರಿಯೊವಿಜಿಲೆನ್ಸ್ ಎಂಬ ರಾಷ್ಟ್ರೀಯ ಕಾರ್ಯಕ್ರಮವೇ 2015ರಿಂದ ಇದೆ. ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ ಅದರ ಕೇಂದ್ರ. ಕೊರತೆಯಿರುವುದು ಆ ವ್ಯವಸ್ಥೆಗೂ ಗೋಗಿಯಂಥ ಊರಿನ ಬಳಕೆದಾರನಿಗೂ ನಡುವಣ ಕೊಂಡಿಯಲ್ಲಿ.

ಆ ಕೊಂಡಿ ಬೆಸೆಯಲು ದೊಡ್ಡ ಹಣ ಬೇಕಿಲ್ಲ. ಮಾರಾಟದ ವೇಳೆ ಕ್ರಮಸಂಖ್ಯೆ, ಬಳಕೆದಾರನ ದೂರವಾಣಿ ಸಂಖ್ಯೆ ಕಡ್ಡಾಯವಾಗಿ ದಾಖಲಾಗಲಿ. ಕೈಪಿಡಿಯೂ ಹಿಂಪಡೆಯುವ ಸೂಚನೆಯೂ ಕನ್ನಡದಲ್ಲಿರಲಿ. ಮನೆಯಲ್ಲಿ ಯಂತ್ರ ಬಳಸುವವರ ಪಟ್ಟಿಯೊಂದು ಜಿಲ್ಲಾ ಆಸ್ಪತ್ರೆಯಲ್ಲಿರಲಿ. 2021ರ ಕೋವಿಡ್ ಎರಡನೆಯ ಅಲೆಯಲ್ಲಿ ಆತುರದಿಂದ ಕೊಂಡ ಆಕ್ಸಿಜನ್ ಕಾನ್ಸನ್‌ಟ್ರೇಟರ್‌ಗಳಿಗೂ ಈ ಮಾತು ಅನ್ವಯಿಸುತ್ತದೆ.

ಬಳಕೆದಾರರೂ ಎಚ್ಚರ ವಹಿಸಬೇಕು. ಯಂತ್ರವನ್ನು ಬಿಸಿಲು ಬೀಳದ ಕಡೆ ಇಡಬೇಕು. ಹತ್ತಿ, ತೊಗರಿಯ ಒಕ್ಕಣೆಯ ದಿನಗಳಲ್ಲಿ ಫಿಲ್ಟರನ್ನು ಹೆಚ್ಚು ಬಾರಿ ಪರೀಕ್ಷಿಸಬೇಕು. ತೇವ ನೀಡುವ ತೊಟ್ಟಿಗೆ ಕೊಳವೆಬಾವಿಯ ಗಡಸು ನೀರಿನ ಬದಲು ಬಟ್ಟಿ ಇಳಿಸಿದ ನೀರನ್ನು ಹಾಕಬೇಕು. ನಳಿಕೆಯಲ್ಲಿ ಕಪ್ಪು ಪುಡಿ ಕಂಡರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಭಯಪಟ್ಟು ತಾವಾಗಿಯೇ ಚಿಕಿತ್ಸೆ ನಿಲ್ಲಿಸುವುದು ಮಾತ್ರ ಸಲ್ಲದು. ಚಿಕಿತ್ಸೆಯಿಲ್ಲದ ಆಪ್ನಿಯಾ ರಕ್ತದೊತ್ತಡಕ್ಕೆ, ಹೃದ್ರೋಗಕ್ಕೆ ದಾರಿ ಮಾಡೀತು.

ನಾವು ಕೊಂಡ ಕಾರಿನಲ್ಲಿ ದೋಷವಿದ್ದರೆ ಕಂಪನಿ ಹುಡುಕಿಕೊಂಡು ಬಂದು ತಿಳಿಸುತ್ತದೆ. ಉಸಿರಾಟದ ಯಂತ್ರಕ್ಕೆ ಅಷ್ಟಾದರೂ ಕಾಳಜಿ ಸಲ್ಲಬೇಡವೇ?