ತಂತ್ರಾಂಶಗಳ ಆಗಮ-ನಿರ್ಗಮಗಳ ದಾಖಲೆ

ಗ್ರಂಥಸಂಪಾದನೆಯಲ್ಲಿ ಗಣಕಯಂತ್ರವನ್ನು ಅವಲಂಬಿಸುವ ವಿದ್ವಾಂಸರಿಗೆ ಒಮ್ಮೊಮ್ಮೆ ವಿಲಕ್ಷಣವಾದ ಸಂಕಟವೊಂದು ಒದಗುವುದುಂಟು. ನಿನ್ನೆಯವರೆಗೆ ನೆಟ್ಟಗಿದ್ದ ಪಾಠವು ಇಂದು ಬೇರೆ ಅಚ್ಚಿನ ಅಕ್ಷರಗಳಲ್ಲಿ ತೋರುತ್ತದೆ. ಪುಟಗಳ ಎಣಿಕೆ ಕೆಟ್ಟು, ಶ್ರಮಪಟ್ಟು ಸಿದ್ಧಪಡಿಸಿದ ಪದಸೂಚಿಯ ಅಂಕೆಗಳೆಲ್ಲವೂ ತಪ್ಪುತ್ತವೆ. ಅಕ್ಷರವಿನ್ಯಾಸದ ತಂತ್ರಾಂಶವು ಎಂದು, ಯಾವ ಕಾರಣದಿಂದ ಹೋಯಿತೆಂಬುದನ್ನು ಊಹೆಯಿಂದ ನಿರ್ಣಯಿಸಬೇಕಾದುದಿಲ್ಲ. ಡೆಬಿಯನ್ ಸಂಪ್ರದಾಯದ ಲಿನಕ್ಸ್ ವ್ಯವಸ್ಥೆಗಳಲ್ಲಿ ಇದಕ್ಕೆ ಲಿಖಿತ ಪ್ರಮಾಣವುಂಟು.

1993ರಲ್ಲಿ ಇಯಾನ್ ಮರ್ಡಾಕ್ ಎಂಬವರು ಆರಂಭಿಸಿದ ಡೆಬಿಯನ್‌ನಲ್ಲಿ ಪ್ಯಾಕೇಜುಗಳ ವ್ಯವಹಾರವು ಎರಡು ಅಂತಸ್ತುಗಳಲ್ಲಿ ನಡೆಯುತ್ತದೆ. ಕೆಳಗಿನದು ‘ಡಿಪಿಕೆಜಿ’, ಪ್ಯಾಕೇಜನ್ನು ಬಿಚ್ಚಿ ನೆಲೆಗೊಳಿಸುವುದೂ ಕಿತ್ತು ತೆಗೆಯುವುದೂ ಇದರ ಕೆಲಸ. ಮೇಲಿನದು ‘ಏಪಿಟಿ’, ಒಂದು ಪ್ಯಾಕೇಜಿಗೆ ಬೇಕಾದ ಸಹಾಯಕ ಪ್ಯಾಕೇಜುಗಳಾವುವೆಂದು ನಿಶ್ಚಯಿಸಿ ಅದು ಕೆಳಗಿನದಕ್ಕೆ ಅಪ್ಪಣೆ ಕೊಡುತ್ತದೆ. ಎರಡಕ್ಕೂ ಪ್ರತ್ಯೇಕ ಕಡತಗಳಿವೆ. ಎರಡರ ಸ್ವಭಾವವೂ ಬೇರೆ.

‘/ವಾರ್/ಲಾಗ್/ಡಿಪಿಕೆಜಿ.ಲಾಗ್’ ಎಂಬುದು ಅಂಗಡಿಯ ದಿನವಹಿಯಂತೆ. ದಿನಾಂಕ, ವೇಳೆ, ಕ್ರಿಯೆ, ಪ್ಯಾಕೇಜಿನ ಹೆಸರು, ಹಿಂದಿನ ಆವೃತ್ತಿ, ಹೊಸ ಆವೃತ್ತಿ, ಇವು ಒಂದೇ ಸಾಲಿನಲ್ಲಿ ಕ್ರಮವಾಗಿರುತ್ತವೆ. ಇದರಲ್ಲಿ ಬೇಕಾದುದನ್ನು ಹುಡುಕಲು ‘ಗ್ರೆಪ್’ ಎಂಬ ಆಜ್ಞೆಯು ಸಾಕು. ಆದರೆ ‘ಇನ್‌ಸ್ಟಾಲ್’ ಎಂಬ ಶಬ್ದವನ್ನು ಬರಿದೆ ಕೊಟ್ಟರೆ, ‘ಇನ್‌ಸ್ಟಾಲ್ಡ್’, ‘ಹಾಫ್-ಇನ್‌ಸ್ಟಾಲ್ಡ್’ ಮುಂತಾದ ಸ್ಥಿತಿಸೂಚಕ ಸಾಲುಗಳೂ ರಾಶಿಯಾಗಿ ಬಂದು ಬೀಳುತ್ತವೆ. ಉದ್ಧರಣಚಿಹ್ನೆಯೊಳಗೆ ಶಬ್ದದ ಇಕ್ಕೆಲದಲ್ಲಿಯೂ ತೆರಪು ಬಿಟ್ಟು ಕೊಡತಕ್ಕದ್ದು. ‘ರಿಮೂವ್’, ‘ಪರ್ಜ್’ ಶಬ್ದಗಳಿಗೂ ಇದೇ ಕ್ರಮ. ಮೊದಲನೆಯದರಲ್ಲಿ ಪ್ಯಾಕೇಜಿನ ವಿನ್ಯಾಸಕಡತಗಳು ಉಳಿದಿರುತ್ತವೆ, ಎರಡನೆಯದರಲ್ಲಿ ಅವೂ ಅಳಿಯುತ್ತವೆ.

ದಿನವಹಿಯು ಏನಾಯಿತೆಂಬುದನ್ನು ಹೇಳುತ್ತದೆಯೇ ಹೊರತು ಏಕಾಯಿತೆಂಬುದನ್ನು ಹೇಳದು. ಅದಕ್ಕೆ ‘/ವಾರ್/ಲಾಗ್/ಏಪಿಟಿ/ಹಿಸ್ಟರಿ.ಲಾಗ್’ ಕಡತವನ್ನು ನೋಡಬೇಕು. ಇಲ್ಲಿ ಪ್ರತಿಯೊಂದು ವ್ಯವಹಾರವೂ ಒಂದು ಪರಿಚ್ಛೇದ: ಆರಂಭಕಾಲ, ಕೊಟ್ಟ ಆಜ್ಞೆಯ ಪೂರ್ಣಪಾಠ, ‘ಸೂಡೋ’ ಮೂಲಕ ಕೇಳಿದವರ ಹೆಸರು, ಬಂದ ಹೋದ ಪ್ಯಾಕೇಜುಗಳ ಪಟ್ಟಿ, ಮುಕ್ತಾಯಕಾಲ. ಕೇಳದೆಯೇ ಜೊತೆಗೆ ಬಂದ ಪ್ಯಾಕೇಜಿನ ಮುಂದೆ ‘ಆಟೊಮ್ಯಾಟಿಕ್’ ಎಂಬ ಗುರುತಿರುತ್ತದೆ. ಮೇಲೆ ಹೇಳಿದ ಸಂಕಟದ ಬೀಜವು ಅನೇಕವೇಳೆ ಈ ಒಂದು ಶಬ್ದದಲ್ಲಿಯೇ ಅಡಗಿರುವುದು. ‘ಗುಬ್ಬಿ’ ಅಥವಾ ‘ನವಿಲು’ ಅಕ್ಷರವಿನ್ಯಾಸವು ಬೇರೊಂದು ದೊಡ್ಡ ಪ್ಯಾಕೇಜಿನ ಆಶ್ರಯದಲ್ಲಿ ಬಂದಿದ್ದಿತೆನ್ನೋಣ. ಆ ಆಶ್ರಯವನ್ನು ತೆಗೆದ ದಿನ ಅಕ್ಷರಗಳಿಗೆ ಏನೂ ಆಗುವುದಿಲ್ಲ. ತಿಂಗಳಾದ ಮೇಲೆ ಯಾರೋ ‘ಆಟೊರಿಮೂವ್’ ಆಜ್ಞೆ ಕೊಟ್ಟಾಗ, ನಿರಾಶ್ರಿತವೆಂದು ಅವೂ ಹೊರಬೀಳುತ್ತವೆ. ಕಾರಣವೊಂದು ದಿನ, ಕಾರ್ಯವೊಂದು ದಿನ. ಎರಡು ಪರಿಚ್ಛೇದಗಳನ್ನೂ ಕೂಡಿಸಿ ಓದಿದವರಿಗಲ್ಲದೆ ಸಂಬಂಧವು ತೋರದು. ಅಕ್ಷರಗಳನ್ನು ಮರಳಿ ಹೆಸರು ಹೇಳಿ ಸ್ಥಾಪಿಸಿದರೆ ಆ ಗುರುತು ಹೋಗಿ, ಮುಂದೆ ಅವು ಹಾಗೆ ಹೊರಬೀಳುವುದಿಲ್ಲ. ಮರಳಿ ಬರುವುದು ಹಳೆಯ ಆವೃತ್ತಿಯೇ ಎಂದು ಮಾತ್ರ ನಂಬಬಾರದು. ಪುಟಗಳು ಮೊದಲಿನಂತೆಯೇ ಬರಬೇಕಾದರೆ ದಿನವಹಿಯಲ್ಲಿರುವ ಆವೃತ್ತಿಯ ಸಂಖ್ಯೆಯೊಡನೆ ತಾಳೆನೋಡುವುದವಶ್ಯ.

ಈ ಪ್ರಮಾಣಗಳಿಗೂ ಮಿತಿಯುಂಟು. ಸಾಮಾನ್ಯ ಏರ್ಪಾಟಿನಂತೆ ಕಡತಗಳನ್ನು ತಿಂಗಳಿಗೊಮ್ಮೆ ಮಡಿಸಿ, ಹಳೆಯ 12ನ್ನು ಮಾತ್ರ ಉಳಿಸಿಕೊಳ್ಳಲಾಗುತ್ತದೆ. ಸಂಕುಚಿತವಾದ ಆ ಹಳೆಯ ಕಡತಗಳನ್ನು ‘ಝಡ್‌ಗ್ರೆಪ್’ನಿಂದ ಹುಡುಕಬೇಕು, ವರ್ಷಕ್ಕಿಂತ ಹಿಂದಿನದು ಬೇಕೆನ್ನುವವರು ಮೊದಲೇ ಪ್ರತಿ ಮಾಡಿಟ್ಟಿರಬೇಕು. ನೇರವಾಗಿ ‘ಡಿಪಿಕೆಜಿ’ಯಿಂದ ಮಾಡಿದ ಸ್ಥಾಪನೆಯು ಏಪಿಟಿಯ ಕಡತದಲ್ಲಿ ಬಾರದು, ದಿನವಹಿಯಲ್ಲಿ ಮಾತ್ರ ಸಿಕ್ಕುವುದು. ಯಂತ್ರದ ಗಡಿಯಾರವು ತಪ್ಪಿದ್ದರೆ ಕಾಲವೂ ತಪ್ಪು. ಶಾಸನಗಳ ತಿಥಿವಾರಗಳು ಹೊಂದದಿರುವುದನ್ನು ಕಂಡವರಿಗೆ ಇದು ಹೊಸತಲ್ಲ. ‘ಸ್ನ್ಯಾಪ್’, ‘ಫ್ಲ್ಯಾಟ್‌ಪ್ಯಾಕ್’, ‘ಪಿಪ್’ಗಳ ಮೂಲಕ ತಂದ ತಂತ್ರಾಂಶಗಳ ವಿಷಯದಲ್ಲಿ ಈ ಎರಡು ಕಡತಗಳೂ ಮೌನವಾಗಿರುತ್ತವೆ.

ಫೆಡೋರಾ ವ್ಯವಸ್ಥೆಯ ‘ಡಿಎನ್‌ಎಫ್ ಹಿಸ್ಟರಿ’ ಆಜ್ಞೆಯು ವ್ಯವಹಾರಗಳಿಗೆ ಅನುಕ್ರಮಸಂಖ್ಯೆ ಕೊಟ್ಟು ತೋರಿಸುವುದಲ್ಲದೆ, ಆ ಸಂಖ್ಯೆಯನ್ನು ಹೇಳಿ ಒಂದು ವ್ಯವಹಾರವನ್ನು ಹಿಂದಕ್ಕೆ ತಿರುಗಿಸಲು ಯತ್ನಿಸುವ ಅನುಕೂಲವನ್ನೂ ಕಲ್ಪಿಸುತ್ತದೆ.